ಸೆಕೆಗಾಲಕ್ಕೆ ಮನೆ ಕಂಪ್ಯೂಟರಿಗೆ ವಾಟರ್ ಕೂಲಿಂಗ್: ರೇಡಿಯೇಟರ್ ಎಷ್ಟು ಬೇಕು, ಬಾವಿ ನೀರು ನಡೆಯುತ್ತದಾ?

ರೆಂಡರ್_ಕಲ್ಯಾಣಪುರ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ ಮನೆಯಿಂದಲೇ ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ ಕಟ್ಟಡಗಳ ತ್ರೀಡಿ ಕೆಲಸ ಮಾಡುತ್ತೇನೆ. ಪ್ರೊಸೆಸರ್ ರೈಜನ್ 7 5800ಎಕ್ಸ್, ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 3080. ರಾತ್ರಿ ರೆಂಡರ್ (ತ್ರೀಡಿ ಮಾಡೆಲಿನಿಂದ ಚಿತ್ರ ತೆಗೆಯುವ ಕೆಲಸ) ಹಾಕಿ ಮಲಗುವುದು ಅಭ್ಯಾಸ. ರೂಮು ಮೇಲಿನ ಮಹಡಿಯಲ್ಲಿ, ನೆತ್ತಿಯ ಮೇಲೆ ಬರೀ ಆರ್‌ಸಿಸಿ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೂ ರೂಮಿನಲ್ಲಿ 33 ಡಿಗ್ರಿ ಇರುತ್ತದೆ. ಪ್ರೊಸೆಸರ್ 90 ಮುಟ್ಟುತ್ತದೆ, ಕಾರ್ಡು 83ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಫ್ಯಾನುಗಳ ಸದ್ದಿಗೆ ಪಕ್ಕದ ರೂಮಿನಲ್ಲಿ ಅಮ್ಮನಿಗೆ ನಿದ್ದೆ ಇಲ್ಲ.

ಹಾಗಾಗಿ ಎರಡಕ್ಕೂ ಸೇರಿಸಿ ಒಂದು ಕಸ್ಟಮ್ ಲೂಪ್ (ಪಂಪು, ಪೈಪು, ರೇಡಿಯೇಟರ್ ನಾವೇ ಜೋಡಿಸಿ ನೀರು ಸುತ್ತಿಸುವ ವ್ಯವಸ್ಥೆ) ಮಾಡುವ ಯೋಚನೆ. ಬಜೆಟ್ 40 ಸಾವಿರದ ಆಸುಪಾಸು. ಒಂದು 360 ರೇಡಿಯೇಟರ್ (120 ಮಿಲಿಮೀಟರಿನ ಮೂರು ಫ್ಯಾನ್ ಕೂರುವಂಥದ್ದು) ಸಾಕಾ? ಯಾವ ನೀರು ಹಾಕಬೇಕು? ಮನೆಯಲ್ಲಿ ಬಾವಿ ಉಂಟು, ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ. ಅದನ್ನು ಹೇಗಾದರೂ ಬಳಸಬಹುದಾ?

ಕುಂದಾಪ್ರ_ಹುಡ್ಗ

ಬಾವಿ ನೀರಾ? ಎಂತ ಮಾರಾಯ್ರೆ. ಸ್ವಲ್ಪ ಕಾಯಿರಿ, ಗೊತ್ತಿದ್ದವರು ಬರ್ತಾರೆ.

ಕದ್ರಿ_64

ಒಂದು 360 ಧಾರಾಳ ಸಾಕು. ಯೂಟ್ಯೂಬಿನಲ್ಲಿ ಇದೇ ಕಾರ್ಡು, ಇದೇ ಪ್ರೊಸೆಸರ್, ಒಂದೇ 360ರಲ್ಲಿ ಓಡಿಸುವುದನ್ನು ನೋಡಿದ್ದೇನೆ. ಕಾರ್ಡು 60 ಡಿಗ್ರಿ ದಾಟಲೇ ಇಲ್ಲ. ದುಡ್ಡನ್ನು ಒಳ್ಳೆಯ ಬ್ಲಾಕಿಗೆ (ಚಿಪ್ಪಿನ ಮೇಲೆ ಕೂತು ಶಾಖವನ್ನು ನೀರಿಗೆ ಕೊಡುವ ಭಾಗ) ಹಾಕಿ.

ಮುರಕಲ್ಲು

ಕದ್ರಿಯವರೇ, ಆ ವಿಡಿಯೋ ಮಾಡಿದವರ ರೂಮಿನಲ್ಲಿ 20-22 ಡಿಗ್ರಿ ಇರುತ್ತದೆ. ಇವರ ರೂಮಿನಲ್ಲಿ 33. ಆ ವ್ಯತ್ಯಾಸವನ್ನು ಹಾಗೇ ಮೇಲೆ ಸೇರಿಸಿಕೊಳ್ಳಬೇಕು. ಕಾರ್ಡಿನ 60 ಇಲ್ಲಿ 71 ಆಗುತ್ತದೆ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ರೂಮಿನ ಗಾಳಿಗಿಂತ ತಣ್ಣಗಾಗುವುದಿಲ್ಲ. ಕರಾವಳಿಯಲ್ಲಿ ಲೂಪ್ ಮಾಡುವವರು ಎಲ್ಲಕ್ಕಿಂತ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಈಗ ಲೆಕ್ಕ. 5800ಎಕ್ಸ್‌ನ ಟಿಡಿಪಿ (ಕಂಪನಿ ಹೇಳುವ ಶಾಖದ ಅಂಕಿ) 105 ವ್ಯಾಟ್ ಎಂದು ಡಬ್ಬಿಯ ಮೇಲೆ ಇದ್ದರೂ ಎಲ್ಲ ಕೋರ್ ಓಡುವಾಗ 142 ವ್ಯಾಟ್ ತನಕ ಎಳೆಯುತ್ತದೆ. 3080ಕ್ಕೆ 320. ಸೇರಿಸಿದರೆ 460ರ ಹತ್ತಿರ. ಇಷ್ಟೂ ಶಾಖವಾಗಿಯೇ ಹೊರಗೆ ಬೀಳಬೇಕು. ಫ್ಯಾನು ನಿಧಾನಕ್ಕೆ ತಿರುಗುವಾಗ 120 ಮಿಲಿಮೀಟರಿನ ಒಂದು ಫ್ಯಾನ್ ಜಾಗಕ್ಕೆ ಸುಮಾರು 100 ವ್ಯಾಟ್ ಹಿಡಿದರೆ ನೀರು ಗಾಳಿಗಿಂತ ಹತ್ತು ಡಿಗ್ರಿ ಮೇಲೆ ನಿಲ್ಲುತ್ತದೆ. ಇದು ಅಂದಾಜು ಲೆಕ್ಕ, ಆದರೆ ಕೈಕೊಡುವುದಿಲ್ಲ. ಅಂದರೆ ನಿಮಗೆ ಐದು ಫ್ಯಾನಿನ ಜಾಗ ಬೇಕು. ಎರಡು 360 ಹಾಕಿ, ಆರಾಗುತ್ತದೆ. ಒಂದೇ 360ರಲ್ಲಿ ಮಷೀನು ಓಡುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಫ್ಯಾನು ಜೋರಾಗಿ ತಿರುಗಿಸಬೇಕು. ನಿಮ್ಮ ತೊಂದರೆಯೇ ಸದ್ದು ಅಲ್ವಾ?

ಇರುವ ಬಜೆಟಿನಲ್ಲಿ ರೇಡಿಯೇಟರಿಗೆ ಮೊದಲ ಪಾಲು ಕೊಡಿ. ದುಬಾರಿ ಬ್ಲಾಕಿಗೂ ಸಾಧಾರಣ ಬ್ಲಾಕಿಗೂ ಇರುವುದು ಎರಡು ಮೂರು ಡಿಗ್ರಿ ವ್ಯತ್ಯಾಸ. ಬಣ್ಣದ ದೀಪಕ್ಕೆ ಒಂದು ರೂಪಾಯಿಯೂ ಬೇಡ.

ಕದ್ರಿ_64

ಸರಿ, ಎರಡು ಹಾಕಲಿ. ಆದರೆ ಪ್ರೊಸೆಸರ್ ಆದ ಮೇಲೆ ಒಂದು ರೇಡಿಯೇಟರ್, ಕಾರ್ಡ್ ಆದ ಮೇಲೆ ಇನ್ನೊಂದು ಬರಬೇಕು. ಇಲ್ಲದಿದ್ದರೆ ಪ್ರೊಸೆಸರಿನ ಬಿಸಿ ನೀರು ಸೀದಾ ಕಾರ್ಡಿಗೆ ಹೋಗುತ್ತದೆ.

ಮುರಕಲ್ಲು

ಇದು ಎಲ್ಲ ಕಡೆ ಕೇಳಿಬರುವ ಮಾತು. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಬೇಕಾದರೆ 4.18 ಕಿಲೋಜೌಲ್ ಬೇಕು. ಲೂಪಿನಲ್ಲಿ ನಿಮಿಷಕ್ಕೆ 4 ಲೀಟರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಇಡೀ 460 ವ್ಯಾಟ್ ತೆಗೆದುಕೊಂಡರೂ ನೀರು ಏರುವುದು 1.7 ಡಿಗ್ರಿ. ಪ್ರೊಸೆಸರ್ ಒಂದರಿಂದ ಅರ್ಧ ಡಿಗ್ರಿ ಅಷ್ಟೇ. ಪೈಪು ಯಾವ ದಾರಿಯಲ್ಲಿ ಚಿಕ್ಕದಾಗಿ, ಮಡಿಕೆ ಬೀಳದೆ ಬರುತ್ತದೋ ಹಾಗೆ ಜೋಡಿಸಿ. ಒಂದೇ ನಿಯಮ: ರಿಸರ್ವಾಯರ್ (ಲೂಪಿನ ನೀರಿನ ಡಬ್ಬಿ) ಪಂಪಿಗಿಂತ ಮೇಲೆ ಇರಬೇಕು. ಪಂಪಿಗೆ ಯಾವತ್ತೂ ನೀರು ಸಿಗಬೇಕು, ಒಣಗಿ ಓಡಿದರೆ ಬೇಗ ಹಾಳಾಗುತ್ತದೆ.

ಬೋಳಾರದ_ಬೋರ್ಡ್

ನಾನು ಮಂಗಳೂರಿನಲ್ಲಿ ರಿಪೇರಿ ಅಂಗಡಿ ನಡೆಸುವವ. ನೀರಿನ ವಿಷಯ ನಾನು ಹೇಳುತ್ತೇನೆ.

ಬಾವಿ ನೀರು ಬೇಡ, ಬೋರ್‌ವೆಲ್ ಬೇಡ, ತುಂಬೆಯಿಂದ ಬರುವ ನಳ್ಳಿ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ನಮ್ಮ ಕೆಂಪು ಕಲ್ಲಿನ ನೆಲದ ಬಾವಿ ನೀರು ಗಡಸಲ್ಲ, ಕುಡಿಯಲಿಕ್ಕೆ ಸಿಹಿ. ಆದರೆ ಹಲವು ಕಡೆ ಸ್ವಲ್ಪ ಆಮ್ಲೀಯ, ಕಬ್ಬಿಣದ ಅಂಶವೂ ಇರುತ್ತದೆ. ಬಚ್ಚಲಿನ ಬಕೆಟಿನಲ್ಲಿ ಕೆಂಪು ಕಲೆ ಕೂತಿರುವುದನ್ನು ನೋಡಿರಬಹುದು. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಪ್ರೊಸೆಸರ್ ಬ್ಲಾಕಿನ ಒಳಗೆ ತಾಮ್ರದಲ್ಲಿ ಕೊರೆದ ಸಾಲುಗಳಿರುತ್ತವೆ, ಎರಡು ಸಾಲಿನ ನಡುವೆ ಅರ್ಧ ಮಿಲಿಮೀಟರೂ ಜಾಗ ಇಲ್ಲ. ಬೋರ್‌ವೆಲ್ ನೀರು ತುಂಬಿಸಿದ್ದ ಬ್ಲಾಕ್ ಒಂದನ್ನು ಬಿಚ್ಚಿದ್ದೆ. ಆ ಸಾಲುಗಳು ಕಾಣುತ್ತಲೇ ಇರಲಿಲ್ಲ. ಮೇಲೆ ಬಿಳಿ ಪೊರೆ, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತಿತ್ತು. ನಡುವಿನಲ್ಲಿ ನೀರು ಬಂದು ಬೀಳುವ ಕಡೆ ಮಾತ್ರ ಒಂದು ಗೆರೆ ತಾಮ್ರ ಹೊಳೆಯುತ್ತಿತ್ತು.

ಡಿಸ್ಟಿಲ್ಡ್ ವಾಟರ್ ತನ್ನಿ. ಸಿಗದಿದ್ದರೆ ಬ್ಯಾಟರಿ ಅಂಗಡಿಯ ಡಿಮಿನರಲೈಸ್ಡ್ ವಾಟರ್, ಸೀಲ್ ಇರುವ ಕ್ಯಾನ್ ಮಾತ್ರ. ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕ್ಯಾನೂ ಪಕ್ಕದಲ್ಲೇ ಇರುತ್ತದೆ, ಲೇಬಲ್ ಓದಿ ತೆಗೆದುಕೊಳ್ಳಿ. ಅದಕ್ಕೆ ಪಾಚಿ ಕಟ್ಟದಂತೆ ಬಯೋಸೈಡ್, ಲೋಹ ತಿನ್ನದಂತೆ ಇನ್‌ಹಿಬಿಟರ್. ನಮ್ಮ ಸೆಕೆಗೆ ಪಾಚಿ ಬೇಗ ಬರುತ್ತದೆ. ಕಿಟಕಿ ಬೆಳಕು ಬೀಳುವ ಕಡೆ ಪಾರದರ್ಶಕ ಪೈಪ್ ಇದ್ದರೆ ಇನ್ನೂ ಬೇಗ.

ಕುಂದಾಪ್ರ_ಹುಡ್ಗ

ಡಿಸ್ಟಿಲ್ಡ್ ವಾಟರಿಗೆ ಕರೆಂಟ್ ಹರಿಯುವುದಿಲ್ಲ ಅಲ್ವಾ? ಲೀಕ್ ಆದರೂ ಹೆದರಿಕೆ ಇಲ್ಲ ಅಂತ ಆಯ್ತು.

ಬೋಳಾರದ_ಬೋರ್ಡ್

ಕ್ಯಾನಿನಲ್ಲಿ ಇರುವ ತನಕ ಅದು ನಿಜ. ಲೂಪಿಗೆ ಹಾಕಿದ ಮೇಲೆ ತಾಮ್ರ, ನಿಕಲ್, ರೇಡಿಯೇಟರಿನೊಳಗೆ ಉಳಿದ ಬೆಸುಗೆಯ ಫ್ಲಕ್ಸ್ ಎಲ್ಲ ಸ್ವಲ್ಪ ಸ್ವಲ್ಪ ಕರಗುತ್ತದೆ. ಆಮೇಲೆ ಕರೆಂಟ್ ಹರಿಯುತ್ತದೆ. ಬೋರ್ಡಿನ ಮೇಲಿರುವ ಧೂಳು, ಉಪ್ಪಿನ ಅಂಶ ಸೇರಿದರೆ ಕೇಳುವುದೇ ಬೇಡ. ಆ ಧೈರ್ಯದ ಮೇಲೆ ಲೂಪ್ ಕಟ್ಟಬೇಡಿ.

ಪುತ್ತೂರು_ತೋಟ

ಬಾವಿ ನೀರನ್ನು ಒಳಗೆ ಬಿಡುವುದು ಬೇಡ, ಒಪ್ಪುತ್ತೇನೆ. ಆದರೆ ಬಾವಿಯ ತಂಪನ್ನು ಯಾಕೆ ಬಿಡಬೇಕು? ನಮ್ಮ ಕಡೆ ಬಾವಿ ನೀರು ಮೇ ತಿಂಗಳಲ್ಲೂ 27-28 ಡಿಗ್ರಿ. ರೂಮಿನ ಗಾಳಿಗಿಂತ ಐದು ಡಿಗ್ರಿ ಕಡಿಮೆ. ತಾಮ್ರದ ಪೈಪನ್ನು ಸುರುಳಿ ಮಾಡಿ ಬಾವಿಯೊಳಗೆ ಇಳಿಸಿ. ಕಂಪ್ಯೂಟರಿನ ನೀರು ಆ ಸುರುಳಿಯೊಳಗೆ ಹೋಗಿ ಬರಲಿ, ಬಾವಿ ನೀರಿಗೆ ಸೇರುವುದಿಲ್ಲ. ಫ್ಯಾನೂ ಬೇಡ, ಸದ್ದೂ ಇಲ್ಲ.

ಮುರಕಲ್ಲು

ತೋಟದವರೇ, ಯೋಚನೆ ಒಳ್ಳೆಯದು. 460 ವ್ಯಾಟ್ ಒಂದು ಬಾವಿಗೆ ಲೆಕ್ಕಕ್ಕೇ ಇಲ್ಲ, ನೀರು ಬಿಸಿಯಾಗುವ ಮಾತಿಲ್ಲ. ಮೇಲಿನ ಮಹಡಿಗೆ ಪಂಪು ಎತ್ತುತ್ತದಾ ಎಂದು ಕೆಲವರು ಕೇಳುತ್ತಾರೆ. ಮುಚ್ಚಿದ ಲೂಪಿನಲ್ಲಿ ಇಳಿಯುವ ನೀರಿನ ತೂಕ ಏರುವ ನೀರನ್ನು ಸರಿದೂಗಿಸುತ್ತದೆ, ಎತ್ತುವ ಕೆಲಸ ಇಲ್ಲ. ಪೈಪಿನ ಘರ್ಷಣೆ ಮಾತ್ರ. ಆದರೆ ಇಂಥ ಲೂಪಿಗೆ ಸಾಮಾನ್ಯವಾಗಿ ಹಾಕುವ ಡಿ5 ಪಂಪಿನ ಪೂರ್ತಿ ಬಲವೇ ನಾಲ್ಕು ಮೀಟರ್ ನೀರಿನ ಎತ್ತರದಷ್ಟು. ಹತ್ತಾರು ಮೀಟರ್ ಸಣ್ಣ ಪೈಪಿನಲ್ಲಿ ಅದು ಮುಗಿದೇ ಹೋಗುತ್ತದೆ, ಕನಿಷ್ಠ ಮುಕ್ಕಾಲಿಂಚು ಪೈಪ್ ಬೇಕು. ಹತ್ತು ಮೀಟರ್ ಕೆಳಗೆ ಒಂದು ಬಾರ್ ಒತ್ತಡ ಜಾಸ್ತಿ ಬೀಳುತ್ತದೆ, ಜಾಯಿಂಟ್‌ಗಳು ಅದನ್ನು ತಡೆಯಬೇಕು.

ನಾನು ಬೇಡ ಎನ್ನುವುದಕ್ಕೆ ಕಾರಣ ಬೇರೆ. ಆ ಪೈಪಿನಲ್ಲಿ ಇರುವುದು ಬಯೋಸೈಡ್ ಹಾಕಿದ ನೀರು. ಸುರುಳಿ ಒಂದು ಕಡೆ ತೂತಾದರೆ ಅದು ಮನೆಯವರು ಕುಡಿಯುವ ಬಾವಿಗೆ ಸೇರುತ್ತದೆ. ಅದಕ್ಕಿಂತ ದೊಡ್ಡ ಗಂಡಾಂತರ ಯಾವುದು?

ಅಕ್ಕ_ಬಿಜೈ

ಇನ್ನೊಂದು ಇದೆ. ಬಾವಿಯಿಂದ ಮಹಡಿಯ ಮೇಲಿನ ಕಂಪ್ಯೂಟರಿನ ತನಕ ತಾಮ್ರದ ಪೈಪು ಅಂದರೆ ಏಪ್ರಿಲ್-ಮೇ ಗುಡುಗು ಸಿಡಿಲಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ನಮ್ಮ ಜಿಲ್ಲೆಯ ಸಿಡಿಲು ಗೊತ್ತಿದ್ದವರು ಇದನ್ನು ಮಾಡಬಾರದು.

ಪುತ್ತೂರು_ತೋಟ

ಸಿಡಿಲಿನ ಮಾತು ಸರಿ ಅಕ್ಕ. ನಮ್ಮಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಸುಟ್ಟದ್ದು ಹಾಗೆಯೇ. ಸುರುಳಿಯನ್ನು ಹೆಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಬಹುದು, ಆದರೆ ಕುಡಿಯುವ ಬಾವಿ ಆದರೆ ಬೇಡವೇ ಬೇಡ.

ರೆಂಡರ್_ಕಲ್ಯಾಣಪುರ

ಕುಡಿಯುವ ಬಾವಿಯೇ. ಬಿಟ್ಟೆ. ಹಾಗಾದರೆ ಚಿಲ್ಲರ್? ಅಕ್ವೇರಿಯಮ್‌ಗೆ ಹಾಕುವಂಥದ್ದು ಸಿಗುತ್ತದಂತೆ. ನೀರನ್ನು 20 ಡಿಗ್ರಿಗೆ ಇಳಿಸಿದರೆ?

ಅಕ್ಕ_ಬಿಜೈ

ಇಲ್ಲಿ ಬೇಡ. 30 ಡಿಗ್ರಿ ಗಾಳಿಯಲ್ಲಿ 80 ಪರ್ಸೆಂಟ್ ತೇವ ಇದ್ದರೆ ಸುಮಾರು 26 ಡಿಗ್ರಿಗೆ ತಣ್ಣಗಾದ ಯಾವ ವಸ್ತುವಿನ ಮೇಲೂ ಹನಿ ಕಟ್ಟುತ್ತದೆ. ಮಳೆಗಾಲದಲ್ಲಿ ನಮ್ಮದು ಯಾವತ್ತೂ ಅದೇ ಹವೆ. 20 ಡಿಗ್ರಿ ನೀರು ಓಡಿಸಿದರೆ ಬ್ಲಾಕಿನ ಹೊರಮೈ ಬೆವರುತ್ತದೆ, ಹನಿ ಇಳಿಯುವುದು ಬೋರ್ಡಿನ ಮೇಲೆ. ಲೀಕೇ ಇಲ್ಲದೆ ಬೋರ್ಡ್ ಹೋಗುತ್ತದೆ.

ಮತ್ತೆ, ನೀರು ತಣ್ಣಗಿರಬೇಕು ಎಂಬ ಆಸೆಯನ್ನೇ ಬಿಡಿ. ಜರ್ಮನಿಯ ಗಾರ್ಶಿಂಗ್‌ನಲ್ಲಿ 2012ರಲ್ಲಿ ಶುರುವಾದ ಸೂಪರ್‌ಎಂಯುಸಿ ಸೂಪರ್‌ಕಂಪ್ಯೂಟರಿಗೆ ಬಿಸಿ ನೀರನ್ನೇ ಹಾಯಿಸುತ್ತಿದ್ದರು, ಒಳಗೆ ಹೋಗುವ ನೀರೇ ಸುಮಾರು 40 ಡಿಗ್ರಿ. ಹೊರಗೆ ಬಂದ ಶಾಖದಲ್ಲಿ ಚಳಿಗಾಲಕ್ಕೆ ಕಟ್ಟಡ ಬೆಚ್ಚಗೆ ಮಾಡುತ್ತಿದ್ದರು. ನಿಮ್ಮ ರೂಮಿನ 33ಕ್ಕೆ ಹತ್ತು ಸೇರಿದರೆ 43, ಚಿಪ್ಪಿಗೆ ಆ 43 ಡಿಗ್ರಿ ನೀರು ಬೇಕಾದಷ್ಟು ತಂಪು. ಅದನ್ನು ತಿಳಿದರೆ ನಮ್ಮ ಸೆಕೆಯಲ್ಲೂ ಒಳ್ಳೆಯ ಲೂಪ್ ಮಾಡಬಹುದು.

ಕದ್ರಿ_64

ಅಕ್ಕ, ಜರ್ಮನಿ ಮಾತು ಸರಿ. ಆದರೆ ಆ ಶಾಖ ಇವರ ರೂಮಿನಲ್ಲೇ ಉಳಿಯುತ್ತದಲ್ಲ? ಫ್ಯಾನು ಇರಲಿ ನೀರು ಇರಲಿ, ರೂಮಿಗೆ ಬೀಳುವುದು ಅದೇ 460 ವ್ಯಾಟ್. ಬೆಳಗ್ಗೆ ತನಕ ರೆಂಡರ್ ಓಡಿದರೆ 33 ಇದ್ದದ್ದು 36 ಆಗುತ್ತದೆ. ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಎಸಿ ಹಾಕುವುದೇ ದಾರಿ.

ಅಕ್ಕ_ಬಿಜೈ

ಒಳ್ಳೆಯ ಪ್ರಶ್ನೆ. ಒಂದು ಟನ್ ಎಸಿ ಅಂದರೆ ಮೂರೂವರೆ ಕಿಲೋವ್ಯಾಟ್ ಶಾಖ ತೆಗೆಯುವ ಶಕ್ತಿ. ಕಂಪ್ಯೂಟರ್ ಒಂದೇ ಅದರ ಎಂಟನೇ ಒಂದು ಪಾಲು ತಿನ್ನುತ್ತದೆ. ರಾತ್ರಿಯಿಡೀ ಆ ಬಿಲ್ಲು ಯಾಕೆ? ನೀರಿನ ನಿಜವಾದ ಲಾಭ ಇರುವುದು ಇಲ್ಲಿಯೇ. ಗಾಳಿಯ ಕೂಲರನ್ನು ಚಿಪ್ಪಿನಿಂದ ದೂರ ಇಡಲಿಕ್ಕೆ ಆಗುವುದಿಲ್ಲ. ರೇಡಿಯೇಟರನ್ನು ಇಡಬಹುದು. ಗೋಡೆಗೆ ಎರಡು ತೂತು ಕೊರೆದು ರೇಡಿಯೇಟರನ್ನು ರೂಮಿನ ಹೊರಗೆ ಹಾಕಿ. ಶಾಖವೂ ಹೊರಗೆ, ಫ್ಯಾನಿನ ಸದ್ದೂ ಹೊರಗೆ. ಒಂದೆರಡು ಮೀಟರ್ ಪೈಪ್ ಜಾಸ್ತಿಯಾದರೆ ಡಿ5ಗೆ ಏನೂ ಕಷ್ಟ ಇಲ್ಲ.

ಮಲ್ಪೆ_ಗಾಳಿ

ಹೊರಗೆ ಅಂದರೆ ಎಲ್ಲಿ? ಅದು ಹೇಳದೆ ತೂತು ಕೊರೆಯುವುದು ಬೇಡ.

ನಾನು ಇರುವುದು ಕಡಲಿನ ಹತ್ತಿರ. ಇಲ್ಲಿ ಪಡುವಣ ಗೋಡೆಗೆ ಹಾಕಿದ ಎಸಿಯ ಹೊರಗಿನ ಡಬ್ಬಿಯನ್ನು ನೋಡಿ. ಕೆಲವೇ ವರ್ಷದಲ್ಲಿ ಫಿನ್ನುಗಳು (ತೆಳು ಲೋಹದ ಹಾಳೆಗಳು) ಬೆರಳು ತಾಗಿದರೆ ಉದುರುವ ಸ್ಥಿತಿಗೆ ಬರುತ್ತವೆ. ಮಧ್ಯಾಹ್ನ ಕಡಲಿನಿಂದ ಬೀಸುವ ಗಾಳಿಯಲ್ಲಿ ಉಪ್ಪಿರುತ್ತದೆ. ಜೂನ್ ಬಂದರೆ ಮಳೆ ಅಡ್ಡಡ್ಡ ಹೊಡೆಯುತ್ತದೆ, ಸಜ್ಜಾ ಇದ್ದರೂ ಗೋಡೆ ಪೂರ್ತಿ ಒದ್ದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಬೀಳುವ ಊರು ಇದು.

ಹಾಗಾಗಿ ಮೂಡು ದಿಕ್ಕಿನ ಗೋಡೆ, ಸಜ್ಜಾದ ಕೆಳಗೆ. ರಾತ್ರಿ ಗಾಳಿ ನೆಲದ ಕಡೆಯಿಂದ ಕಡಲಿಗೆ ಹೋಗುತ್ತದೆ, ಮೂಡಣ ಗೋಡೆಗೆ ಅದು ಸಿಗುತ್ತದೆ. ಇವರ ರೆಂಡರ್ ರಾತ್ರಿಯೇ ಅಲ್ವಾ? ಕಲ್ಯಾಣಪುರ ಕಡಲಿನಿಂದ ಸ್ವಲ್ಪ ಒಳಗೆ ಇರುವುದರಿಂದ ಉಪ್ಪಿನ ಕಾಟ ನಮ್ಮಷ್ಟು ಇಲ್ಲ. ಆದರೂ ಫಿನ್ನು ದಟ್ಟವಾಗಿರುವ ರೇಡಿಯೇಟರ್ ಬೇಡ, ಇಂಚಿಗೆ 16ರ ಒಳಗೆ ಇರಲಿ. ನಿಧಾನ ಫ್ಯಾನಿಗೂ ಅದೇ ಒಳ್ಳೆಯದು, ಬ್ರಶ್ ಹಾಕಿ ಧೂಳು ತೆಗೆಯಲಿಕ್ಕೂ ಸುಲಭ. ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಹಾಕಿ. ಡಬ್ಬಿಯ ಜೊತೆ ಬರುವ ಕಪ್ಪು ಸ್ಕ್ರೂ ಒಂದು ಮಳೆಗಾಲಕ್ಕೆ ಕೆಂಪಾಗುತ್ತದೆ, ಮತ್ತೆ ಬಿಚ್ಚಲಿಕ್ಕೆ ಬರುವುದಿಲ್ಲ.

ಬೋಳಾರದ_ಬೋರ್ಡ್

ಸ್ಕ್ರೂ ಮಾತು ಬಂದದ್ದು ಒಳ್ಳೆಯದಾಯ್ತು. ಅಂಗಡಿಯಲ್ಲಿ ಸ್ಟೇನ್‌ಲೆಸ್ ಎಂ3 ಕೇಳುವಾಗ ಉದ್ದ ಅಳೆದು ತೆಗೆದುಕೊಳ್ಳಿ. ಫ್ಯಾನಿನ ದಪ್ಪ 25 ಮಿಲಿಮೀಟರ್, ಸ್ಕ್ರೂ 30 ಇದ್ದರೆ ಸಾಕು. 35 ಹಾಕಿ ಬಿಗಿ ಮಾಡಿದರೆ ತುದಿ ಸೀದಾ ರೇಡಿಯೇಟರಿನ ನೀರಿನ ಕೊಳವೆಗೆ ಚುಚ್ಚುತ್ತದೆ. ಕೆಲವು ರೇಡಿಯೇಟರಿನಲ್ಲಿ ತೂತಿನ ಕೆಳಗೆ ತಡೆ ತಗಡು ಇರುತ್ತದೆ, ಎಲ್ಲದರಲ್ಲೂ ಇಲ್ಲ.

ಕುಂದಾಪ್ರ_ಹುಡ್ಗ

ಹೊರಗೆ ರಬ್ಬರ್ ಪೈಪ್ ಇಟ್ಟರೆ ಇಲಿ ಬಿಡುತ್ತದಾ? ನಮ್ಮ ಮನೆಯಲ್ಲಿ ವಾಷಿಂಗ್ ಮಷೀನಿನ ಪೈಪೇ ಕಡಿದಿತ್ತು.

ಮಲ್ಪೆ_ಗಾಳಿ

ಪಿವಿಸಿ ಪೈಪಿನೊಳಗೆ ಹಾಯಿಸಿ, ಎರಡೂ ಕಡೆ ಸಂದಿಗೆ ಜಾಲರಿ ತುರುಕಿ. ಇರುವೆ, ಹಲ್ಲಿ ಕೂಡ ಬರುವುದಿಲ್ಲ.

ಪುತ್ತೂರು_ತೋಟ

ಹಲ್ಲಿ ಎಂದಾಗ ನೆನಪಾಯಿತು, ನಮ್ಮ ಇನ್ವರ್ಟರ್ ಒಳಗೆ ಒಂದು ಹಲ್ಲಿ ಹೋಗಿ ಬೋರ್ಡು ಶಾರ್ಟ್ ಆಗಿತ್ತು. ಅದಿರಲಿ, ಕರೆಂಟ್ ಹೋದರೆ ಏನು ಮಾಡುತ್ತಾರೆ? ಮಳೆಗಾಲದಲ್ಲಿ ಗಂಟೆಗೊಮ್ಮೆ ಹೋಗುತ್ತದೆ.

ಅಕ್ಕ_ಬಿಜೈ

ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ, ಮಷೀನೂ ನಿಲ್ಲುತ್ತದೆ, ಕೂಲಿಂಗಿಗೆ ತೊಂದರೆ ಇಲ್ಲ. ತೊಂದರೆ ರೆಂಡರಿಗೆ. ಇನ್ವರ್ಟರ್ ಇದ್ದರೆ ಸೈನ್ ವೇವ್ ಇರಲಿ, ಯುಪಿಎಸ್ ಮೋಡಿನಲ್ಲಿ ಇಡಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಈಗಿನ ಒಳ್ಳೆಯ ಪವರ್ ಸಪ್ಲೈಗಳು ಸರಿಯಾಗಿ ಓಡುವುದಿಲ್ಲ. ಅನಿಮೇಷನ್ ಆದರೆ ಸೀದಾ ವಿಡಿಯೋ ಆಗಿ ತೆಗೆಯಬೇಡಿ, ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸಿ. ಮಧ್ಯದಲ್ಲಿ ನಿಂತರೂ ಆ ತನಕದ್ದು ಉಳಿಯುತ್ತದೆ.

ಕದ್ರಿ_64

ನನ್ನ ಮಾತು ಇನ್ನೂ ಒಂದಿದೆ. ಪ್ರೊಸೆಸರಿಗೆ ನೀರು ಬೇಕಾ? 142 ವ್ಯಾಟಿಗೆ ಎರಡು ಗೋಪುರದ ದೊಡ್ಡ ಏರ್ ಕೂಲರ್ ಸಾಕು. ಬ್ಲೆಂಡರಿನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಕೆಲಸ ಮಾಡುವುದು ಕಾರ್ಡು. ಕಾರ್ಡಿಗೆ ಮಾತ್ರ ಲೂಪ್ ಮಾಡಿ, ಜೊತೆಗೆ ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸಿ. 3080ಯನ್ನು 250 ವ್ಯಾಟ್ ಆಸುಪಾಸಿಗೆ ತಂದರೂ ವೇಗ ಸ್ವಲ್ಪವೇ ಕಡಿಮೆಯಾಗುತ್ತದೆ. ಖರ್ಚು ಸೊನ್ನೆ.

ಮುರಕಲ್ಲು

ಇದನ್ನು ಪೂರ್ತಿ ಒಪ್ಪುತ್ತೇನೆ. ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಅಂಡರ್‌ವೋಲ್ಟ್. ಮಾಡಿದ ಮೇಲೆ ಒಂದು ಪೂರ್ತಿ ರೆಂಡರ್ ಓಡಿಸಿ ಕ್ರ್ಯಾಶ್ ಆಗುತ್ತದಾ ನೋಡಿ. 250 ವ್ಯಾಟಿಗೆ ಹೊರಗೆ ಒಂದು 360 ನೆಮ್ಮದಿಯಾಗಿ ಸಾಕು, ಬಜೆಟಿಗೂ ಹೊಂದುತ್ತದೆ. ಕಾರ್ಡಿನ ಬ್ಲಾಕ್ ತರಿಸುವ ಮುಂಚೆ ನಿಮ್ಮ ಕಾರ್ಡಿನ ಮಾಡೆಲ್ ಹೆಸರು ಪೂರ್ತಿ ನೋಡಿ. 3080 ಎಂಬ ಹೆಸರಿನಲ್ಲಿ ಬೇರೆ ಬೇರೆ ಬೋರ್ಡುಗಳಿವೆ, ಒಂದರ ಬ್ಲಾಕ್ ಇನ್ನೊಂದಕ್ಕೆ ಕೂರುವುದಿಲ್ಲ.

ಲೋಹದ ಮಾತು ಯಾರೂ ಎತ್ತಲಿಲ್ಲ. ಬ್ಲಾಕ್ ತಾಮ್ರ ಆದರೆ ರೇಡಿಯೇಟರೂ ತಾಮ್ರ, ಹಿತ್ತಾಳೆಯದ್ದೇ ಇರಬೇಕು. ಅಲ್ಯೂಮಿನಿಯಂ ಸೇರಿಸಿದರೆ ಒಂದೇ ನೀರಿನಲ್ಲಿ ಎರಡು ಲೋಹ ಸೇರಿ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಗುಜರಿಯಲ್ಲಿ ಸಿಗುವ ಕಾರಿನ ರೇಡಿಯೇಟರ್ ಅಗ್ಗ, ಆದರೆ ಈಗಿನವು ಹೆಚ್ಚಾಗಿ ಅಲ್ಯೂಮಿನಿಯಂ. ಹೊರಗಿನ ಪೈಪಿಗೆ ಕಪ್ಪು ಇಪಿಡಿಎಂ ರಬ್ಬರ್ ಹಾಕಿ, ಬಿಸಿಲಿಗೂ ತಡೆಯುತ್ತದೆ. ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ಪೈಪ್ ನಮ್ಮ ಊರಿಗೆ ಬೇಡ. ಯಾವತ್ತಾದರೂ ಪಂಪು ನಿಂತು ನೀರು 60 ದಾಟಿದರೆ ಅದು ಮೆತ್ತಗಾಗಿ ಫಿಟ್ಟಿಂಗಿನಿಂದ ಜಾರುತ್ತದೆ.

ರೆಂಡರ್_ಕಲ್ಯಾಣಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರ್ಡಿಗೆ ಮಾತ್ರ ಲೂಪ್, ಮೂಡಣ ಗೋಡೆಗೆ ಒಂದು 360, ಪ್ರೊಸೆಸರಿಗೆ ಏರ್ ಕೂಲರ್. ಪಾರ್ಟ್ಸ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸುತ್ತೇನೆ. ಬೋಳಾರದ ಅಣ್ಣ, ನೀರು ತುಂಬಿಸಿದ ಮೇಲೆ ಲೀಕ್ ನೋಡುವುದು ಹೇಗೆ?

ಬೋಳಾರದ_ಬೋರ್ಡ್

ನೀರು ತುಂಬಿಸುವ ಮುಂಚೆಯೇ ನೋಡಬೇಕು. ಗೇಜ್ ಇರುವ ಕೈ ಪಂಪಿನಲ್ಲಿ ಲೂಪಿಗೆ ಅರ್ಧ ಬಾರ್ ಗಾಳಿ ತುಂಬಿಸಿ ಬಿಡಿ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಒಂದೊಂದು ಫಿಟ್ಟಿಂಗನ್ನೂ ಬಿಚ್ಚಿ ಒಳಗಿನ ಓ-ರಿಂಗ್ ನೋಡಿ. ಓ-ರಿಂಗ್ ಇರುವಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಡಿ, ಸ್ಪ್ಯಾನರ್ ಹಾಕಿ ಬಿಗಿ ಮಾಡಲೂಬೇಡಿ, ಕೈ ಬಿಗಿತ ಸಾಕು.

ಆಮೇಲೆ ನೀರು. ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್, ಕಾರ್ಡಿನ ಪವರ್ ಎಲ್ಲ ಬಿಚ್ಚಿಡಿ, ಪವರ್ ಸಪ್ಲೈಗೆ ಪಂಪ್ ಮಾತ್ರ ಇರಲಿ. ಸ್ವಿಚ್ ಆಫ್ ಇರುವಾಗಲೇ 24 ಪಿನ್‌ನ ಹಸಿರು ವಯರಿಗೂ ಪಕ್ಕದ ಕಪ್ಪು ವಯರಿಗೂ ಜಂಪರ್ ಹಾಕಿ. ವಯರೆಲ್ಲ ಕಪ್ಪಾಗಿದ್ದರೆ 16 ಮತ್ತು 17ನೇ ಪಿನ್. ಜಂಪರ್ ಪ್ಲಗ್ ಸಿಗುತ್ತದೆ, ಅದೇ ತೆಗೆದುಕೊಳ್ಳಿ. ಈಗ ಸ್ವಿಚ್ ಹಾಕಿದರೆ ಪಂಪ್ ಒಂದೇ ಓಡುತ್ತದೆ. ರಿಸರ್ವಾಯರ್ ಖಾಲಿಯಾಗುವ ಮುಂಚೆ ನಿಲ್ಲಿಸಿ, ತುಂಬಿಸಿ, ಮತ್ತೆ ಹಾಕಿ. ಎಲ್ಲ ಜಾಯಿಂಟಿನ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಒಂದು ರಾತ್ರಿ ಓಡಿಸಿ. ಪೇಪರ್ ಒಣಗಿದ್ದರೆ ಮಾತ್ರ ಬೋರ್ಡಿಗೆ ಕರೆಂಟ್ ಕೊಡಿ.

ಕುಂದಾಪ್ರ_ಹುಡ್ಗ

ನನ್ನದು ರೆಡಿಮೇಡ್ ಎಐಒ (ಪಂಪು, ರೇಡಿಯೇಟರ್ ಎಲ್ಲ ಜೋಡಿಸಿಯೇ ಬರುವ ವಾಟರ್ ಕೂಲರ್), ಎರಡು ಫ್ಯಾನಿನ 240. ಕ್ಯಾಬಿನೆಟಿನ ಕೆಳಗೆ ಹಾಕಿದ್ದಾರೆ. ಗುಳುಗುಳು ಸದ್ದು ಬರುತ್ತದೆ. ಇದಕ್ಕೆ ಬೇರೆ ಥ್ರೆಡ್ ಮಾಡಬೇಕಾ?

ಬೋಳಾರದ_ಬೋರ್ಡ್

ಬೇಡ, ಇಲ್ಲೇ ಹೇಳುತ್ತೇನೆ. ರೇಡಿಯೇಟರ್ ಕೆಳಗಿದ್ದರೆ ಪಂಪೇ ಎಲ್ಲಕ್ಕಿಂತ ಎತ್ತರದಲ್ಲಿ ಉಳಿಯುತ್ತದೆ, ಒಳಗಿನ ಗಾಳಿ ಬಂದು ಅಲ್ಲೇ ಕೂರುತ್ತದೆ. ಮೇಲಿನ ಫಲಕಕ್ಕೆ ಬದಲಿಸಿ. ಬಿಚ್ಚಿದಾಗ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸತು ಹಾಕಿ. ಐದಾರು ವರ್ಷ ಹಳೆಯದಾಗಿದ್ದರೆ ಬದಲಿಸುವ ಕಷ್ಟ ಬೇಡ, ರಬ್ಬರ್ ಪೈಪಿನ ಮೂಲಕ ನೀರು ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗಿರುತ್ತದೆ. ಎಷ್ಟು ವರ್ಷದ್ದು ಅದು?